ಬಾಯಿಗೆ ಕಾಲುಚೀಲ

ಜನವರಿ ಹದಿಮೂರು, ಸಂಜೆ ಐದೂ ನಲವತ್ತು.
ಪೆರ್ನಿಕ್ ನಿಲ್ದಾಣದಲ್ಲಿ ಹತ್ತಿದಳು ಒಬ್ಬಳು:
ಬೆನ್ನ ಮೇಲೊಂದು ಗೋಣಿ, ಕೈಯಲ್ಲೊಂದು ಗೋಣಿ,
ಕಂಕುಳಲ್ಲಿ ಕೋಳಿಗರಿಯ ದೊಡ್ಡ ಮುಖ.
ಅದರ ಕಣ್ಣಿನ ತೂತಿನಲ್ಲಿ
ಅವಳ ಜಾಕೆಟ್ಟಿನ ಕೆಂಪು.

ಎರಡು ಟಿಕೆಟ್ಟಾಗುತ್ತೆ, ಅಂದೆ.
ಮುಖಕ್ಕೂನಾ? ಅಂದಳು.
ಮುಖಕ್ಕಲ್ಲ, ಗೋಣಿಗೆ. ಏನಿದೆ ಒಳಗೆ?
ಹದಿನಾಲ್ಕು ಗಂಟೆ. ನಮ್ಮಜ್ಜ ಲ್ಯೂಬೆನ್ ಕಟ್ಟುತ್ತಿದ್ದವು.
ಹೆದರಬೇಡಿ, ಸದ್ದು ಮಾಡಲ್ಲ,
ಎಲ್ಲದರ ಬಾಯಿಗೂ ಕಾಲುಚೀಲ ತುರುಕಿದ್ದೀನಿ.

ಇಪ್ಪತ್ತೆರಡು ವರ್ಷದಿಂದ ಈ ದಾರಿ ನನ್ನದು.
ಬಟ್ಟೆ ಒಗೆಯುವ ಯಂತ್ರ ಹೊತ್ತಿದ್ದೇನೆ, ಜೇನುಪೆಟ್ಟಿಗೆ ಹೊತ್ತಿದ್ದೇನೆ,
ಪೆರ್ನಿಕ್‌ನಲ್ಲಿ ಶುರುವಾಗಿ ಕೊನೆ ಸ್ಟಾಪಿನಲ್ಲಿ ಮುಗಿದ
ಒಂದು ವಿಚ್ಛೇದನ ಕೂಡ.
ಗಂಟೆಗಳು ನಿದ್ದೆ ಮಾಡಿಕೊಂಡು ಬಂದದ್ದು ಇದೇ ಮೊದಲು.

ಝಿವ್ಕಾ ಅಂತೆ ಹೆಸರು. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ.
ಪಾಳಿ ಮುಗಿಸಿ ರಾತ್ರಿ ಹೊಲಿದದ್ದು ಈ ವೇಷ.
ಆಡಿನ ಕೂದಲು ಸಾಲದೆ
ಹಳೆ ಕ್ಯಾಸೆಟ್ಟುಗಳ ಕರುಳು ಎಳೆದೆಳೆದು
ತೋಳಿಗೆ ಕೂಡಿಸಿದಳಂತೆ.
ಯಾರದೋ ಮದುವೆ, ಯಾರದೋ ಭಾಷಣ,
ಹಾಡಿನ ನಡುವೆ ಎಲ್ಲೋ ಅಜ್ಜನ ಕೆಮ್ಮು,
ಎಲ್ಲ ಈಗ ಕಪ್ಪು ತುಪ್ಪಳ.
ಗಾಳಿ ಬಂದರೆ ಪರಪರ ಅನ್ನುತ್ತೆ, ಅಷ್ಟೆ.

ಗಂಡಸರ ಆಟ ಅಲ್ಲವೇ ಅದು? ಕನ್ನಡಿಯಲ್ಲಿ ಕೇಳಿದೆ.
ಗಂಡಸರು ಜರ್ಮನಿಯಲ್ಲಿ ಟೈಲ್ಸ್ ಹಾಕುತ್ತಿದ್ದಾರೆ,
ಬೆಂಕಿ ಹೊತ್ತಿದಾಗ ಫೋನಿನಲ್ಲಿ ನೋಡುತ್ತಾರೆ.
ಒಬ್ಬ ಉಳಿದಿದ್ದಾನೆ, ಪಶುವೈದ್ಯ ಸ್ತೋಯಿಲ್.
ಈ ವರ್ಷ ಅವನೇ ಮದುಮಗಳು.
ಮೀಸೆ ಮಾತ್ರ ತೆಗೆಯಲ್ಲ ಅಂತ ಹಟ.

ನಾನು ಅಪಾರ್ಟ್‌ಮೆಂಟಿನಲ್ಲಿ ಬೆಳೆದವನು.
ಅಪ್ಪ ಗಣಿಯಲ್ಲಿದ್ದ; ಕತ್ತಲು ಓಡಿಸೋದಕ್ಕೆ
ಬ್ಯಾಟರಿ ಸಾಕು ಅನ್ನುತ್ತಿದ್ದ.
ಇವರನ್ನು ಕಂಡದ್ದು ನಗರದ ಚೌಕದಲ್ಲಿ ಮಾತ್ರ:
ರಾಕ್ಷಸರ ಎದೆಗೆ ಪಿನ್ನು ಚುಚ್ಚಿದ ಕಾಗದದ ನಂಬರು,
ಕುರ್ಚಿಯ ಮೇಲೆ ತೀರ್ಪುಗಾರರು, ಅವರ ಕೈಯಲ್ಲಿ ಪೆನ್ನು.
ದೆವ್ವ ಓಡಿಸುವವರಿಗೆ ಹತ್ತಕ್ಕೆ ಏಳೂವರೆ.

ಕಲ್ಲುಗಣಿ ದಾಟಿದ ಮೇಲಿನ ತಿರುವು.
ರಸ್ತೆಗೆ ಗಾಜಿನಂಥ ಮಂಜು.
ಬ್ರೇಕು ಒತ್ತಿದೆ,
ಗೋಣಿ ಉರುಳಿತು,
ಒಂದು ಕಾಲುಚೀಲ ಜಾರಿತು.

ಢಣ್.

ಒಂದೇ ಒಂದು.
ಕಿಟಕಿಗಳು ಹಲ್ಲು ಕಡಿದವು.
ಮಲಗಿದ್ದವನು ಎದ್ದು ತನ್ನ ಸ್ಟಾಪು ಹುಡುಕಿದ.
ಫೋನಿನ ಹುಡುಗ ಕಿವಿಯ ಬತ್ತಿ ಕಿತ್ತು ಸುತ್ತ ನೋಡಿದ.
ಹಿಂದಿನ ಸೀಟಿನಲ್ಲಿ ಡಯಾಲಿಸಿಸ್ ಮುಗಿಸಿ
ವಾರಕ್ಕೆ ಮೂರು ಸಲ ಹೀಗೇ ಬರುವ ಸ್ತಾಮೆನಾ ಅಜ್ಜಿ
ಕಣ್ಣು ಮುಚ್ಚಿಕೊಂಡೇ ಅಂದಳು:

ಲ್ಯೂಬೆನ್‌ನ ಮೂರನೆಯದು.
ಅಂಚು ಸೀಳಿದೆ ನೋಡು, ಅರವತ್ತೊಂಬತ್ತರಲ್ಲಿ,
ನಮ್ಮ ಬಾಗಿಲಿಗೆ ಬಡಿದು.
ಅವನು ಕುಣಿಯುತ್ತಾ ಬರುತ್ತಿದ್ದ.
ನಾನು ತುಸು ಬೇಗ ಬಾಗಿಲು ತೆಗೆದೆ.

ಮುಂದೆ ಏನೂ ಹೇಳಲಿಲ್ಲ.
ಝಿವ್ಕಾ ಬೆರಳು ಒಳಗೆ ಹಾಕಿ ಅಂಚು ಸವರಿದಳು,
ಸೀಳು ಸಿಕ್ಕಿತೆಂದು ಕಾಣುತ್ತೆ,
ಕಾಲುಚೀಲ ಮತ್ತೆ ತುರುಕಲಿಲ್ಲ.

ಇಳಿದು ಹೋದಳು ಹಿಮದ ಮೇಲೆ.
ಹದಿಮೂರು ಮೂಗು, ಒಂದು ಮಾತಾಳಿ.
ಬೆಟ್ಟದ ಮಗ್ಗುಲಲ್ಲಿ ಬೆಂಕಿ ಆಗಲೇ ಹಚ್ಚಿದ್ದರು.
ಬಾಗಿಲು ಹಾಕಪ್ಪಾ, ಚಳಿ, ಅಂದರು ಯಾರೋ.
ಹಾಕಿದೆ, ಸ್ವಲ್ಪ ತಡೆದು.

ಡಿಪೋದಲ್ಲಿ ಬಸ್ಸು ಗುಡಿಸುವಾಗ ಸಿಕ್ಕಿದ್ದು:
ಒಂದು ಗರಿ, ಗೇಣುದ್ದ ಟೇಪು,
ಹಿಮ್ಮಡಿ ತೂತಾದ ಬೂದು ಕಾಲುಚೀಲ.
ಜೊತೆಗೆ, ಮರುದಿನ, ಒಂದು ದೂರು.
ಮೇಲಿನವರು ಫಾರಂ ಕೊಟ್ಟರು, ತುಂಬಿದೆ.
ಸದ್ದು: ಒಂದು.
ಸಮಯ: ಆರೂ ಹತ್ತು.
ಕಾರಣ ಅಂತ ಒಂದು ಗೆರೆಯಷ್ಟೇ ಜಾಗವಿತ್ತು.
ತಿರುವು, ಅಂತ ಬರೆದೆ.